ಸೊಸೆ ಹಿಡಿದ ಸೋಮವಾರ

ಸೌಭಾಗ್ಯವತಿ ಸರ್ವಮಂಗಳಳಿಗೆ ಮಾವನ ಆಶೀರ್ವಾದ.

ನೀನು ಪೂಜೆಗೆ ಕುಳಿತಿದ್ದೆ, ಅದಕ್ಕೆ ನಿನ್ನನ್ನು ಕರೆಯದೆ ನಾನು ದುರ್ಗದ ಮಠಕ್ಕೆ ಹೊರಟೆ. ತಾಯಿ, ಮಗುವಾಗಲೆಂದು ಹಿಡಿದ ಸೋಮವಾರದ ಉಪವಾಸವನ್ನು ಇಂದೇ ಬಿಡು. ನುಗ್ಗೆಸೊಪ್ಪು ಕೊಯ್ದು ಮೊರದಲ್ಲಿಟ್ಟಿದ್ದೇನೆ. ಸಾರು ಮಾಡಿ, ಮುದ್ದೆಗೆ ತುಪ್ಪ ಹಾಕಿಕೊಂಡು ಉಣ್ಣು. ಹಾಲನ್ನು ಗಂಡನಿಗೆಂದು ಎತ್ತಿಡಬೇಡ; ಏಕಾಂತಪ್ಪನೇನು ಹೆರಬೇಕಾಗಿಲ್ಲ.

ನನ್ನ ಮಗಳು ಗೌರಮ್ಮನೂ ಹೀಗೆಯೇ ಉಪವಾಸವಿದ್ದು ಬಸಿರಾದಳು. "ನಮ್ಮ ಹುಡುಗಿ ಭಕ್ತಿ ನೋಡ್ರಿ" ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೆರುವ ಹೊತ್ತಿಗೆ ಅವಳ ಮೈಯಲ್ಲಿ ಬಲವೇ ಇರಲಿಲ್ಲ. ಶಿವನ ಪಾದ ಸೇರಿದಳು.

ನಿನಗೆ ಮೊದಲು ಮೈ ತುಂಬಲಿ, ಆಮೇಲೆ ಮಡಿಲು. ಹರಕೆ ಮುರಿಯಿತೆಂದು ಅಂಜಬೇಡ. ಗುರುಗಳಿಗೆ ಅರಿಕೆ ಮಾಡಿ, ಉಳಿದ ಸೋಮವಾರಗಳನ್ನು ನಾನು ಹಿಡಿಯುತ್ತೇನೆ. ಇಂದಿನದಕ್ಕೆ ಅವರ ಅಪ್ಪಣೆ ಕಾಯಲಿಲ್ಲ. ಬೆಳಗಿನಿಂದ ಬರೀ ನೀರು ಕುಡಿದಿದ್ದೇನೆ.

ಮುರುಗಪ್ಪ