ನಮ್ಮ ಮಗನಿಗೆ ಹೊಸ ಅಪ್ಪ

ಮಿರ್ತಿಲೋಸ್, ನೀವು ಗೋರಿಯಲ್ಲಿ ತಣ್ಣಗೆ ಮಲಗಿದ್ದೀರಿ. ಓದುವುದಿಲ್ಲ ಎಂದು ಗೊತ್ತಿದ್ದೂ ಈ ಮೇಣದ ಹಲಗೆಯ ಮೇಲೆ ಗೀರುತ್ತಿದ್ದೇನೆ. ಇವತ್ತು ಊರಿನವರು ನಿಮ್ಮ ಮಗನನ್ನು ನಿಮ್ಮಿಂದ ಕಿತ್ತುಕೊಂಡರು.

ಕಡಲ್ಗಳ್ಳರನ್ನು ಬಂದರಿನ ಬಾಗಿಲಲ್ಲಿ ಒಬ್ಬನೇ ತಡೆದು ಸತ್ತ ನಮ್ಮ ಫೈಲಾಸ್ ಇನ್ನು ಮೇಲೆ ಊರು ಕಾಯುವ ವೀರನಂತೆ. ಚೌಕದಲ್ಲಿ ಗುಡಿ, ಮೂರ್ತಿ, ವರ್ಷಕ್ಕೊಮ್ಮೆ ಕರಿ ಟಗರಿನ ಬಲಿ. ಆದರೆ ವೀರನ ಅಪ್ಪ ಕುಂಬಾರ ಎನ್ನಲು ಅವರಿಗೆ ನಾಚಿಕೆ.

“ಪೊಸೈಡನ್ ದೇವರೇ ನಿನ್ನ ಗಂಡನ ರೂಪದಲ್ಲಿ ಬಂದಿರ್ಬೇಕು ಕಣಮ್ಮ, ನೆನಪು ಮಾಡ್ಕೋ” ಎಂದ ಪೂಜಾರಿ ತಿಮಾಂದ್ರೋಸ್, ಎಲ್ಲರೆದುರು.

“ಕಡಲಿನ ದೇವ್ರು ಹಂಗೆ ಗೊರಕೆ ಹೊಡೀತಾನೇನಪ್ಪ?” ಎಂದೆ. ಹೆಂಗಸರು ನಕ್ಕರು. ಅವನು ನಗಲಿಲ್ಲ.

“ಹೂಂ ಅನ್ನದಿದ್ರೆ ಗುಡಿ ಇಲ್ಲ, ಬಲಿ ಇಲ್ಲ. ನಾಲ್ಕು ವರ್ಷ ಕಳೆದ್ರೆ ನಿನ್ನ ಮಗನ ಹೆಸರು ಯಾರಿಗೂ ನೆನಪಿರಲ್ಲ.”

ಮೂವತ್ತು ವರ್ಷ ನಿಮ್ಮ ಜೇಡಿಮಣ್ಣು ಮೆತ್ತಿದ ಬಟ್ಟೆ ಒಗೆದವಳು ನಾನು. ಅವನ ಮುಖಕ್ಕೆ ಉಗಿಯಬೇಕಿತ್ತು. ಹೂಂ ಎಂದೆ.

ಕಲ್ಲಿನ ಮೇಲೆ ‘ಪೊಸೈಡನ್ನನ ಮಗ’ ಎಂದು ಆಗಲೇ ಕೆತ್ತಿಟ್ಟಿದ್ದರು. ನಿಮ್ಮಿಂದ ಅವನಿಗೆ ಬಂದಿದ್ದ ಆ ಸೊಟ್ಟ ಹೆಬ್ಬೆರಳನ್ನು ಶಿಲ್ಪಿ ಮೂರ್ತಿಯಲ್ಲಿ ನೆಟ್ಟಗೆ ಮಾಡಿಟ್ಟಿದ್ದಾನೆ. ಹೇಗಿದೆಯೆಂದು ನನ್ನನ್ನೇ ಕೇಳಿದ.

ಚೆನ್ನಾಗಿದೆ ಎಂದು ಹೇಳಿ ಬಂದೆ.