ಅಂಗೈಯಗಲ ಡಾಂಬರು

ಶೋಭಾನ ಅಪ್ಪಾರಿಗೆ,

ಮಗಳು ಹುಟ್ಟಿದಂದಿನಿಂದ ನಿಮ್ಮನ್ನು ಹೀಗೇ ಕರೆದವಳು, ಅದಕ್ಕೂ ಮುಂಚೆ ಬರೀ ‘ಏನ್ರಿ’. ಕಾಗದದ ಮೇಲಾದರೂ ನಿಮ್ಮ ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಏಳಲಿಲ್ಲ. ಇರಲಿ ಬಿಡಿ. ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ನೀವು ಎದುರಿಗೇ ಕುಳಿತಿದ್ದರೆ ಹೇಳಲು ಧೈರ್ಯ ಬರುತ್ತಿತ್ತೋ ಇಲ್ಲವೋ.

ಆ ಡಬ್ಬಿ ತಂದ ದಿನ ನೆನಪಿದೆಯೇ? ಹಿನ್ನೀರು ಬಂದು ಬಾಗಲಕೋಟೆಯ ಹಳೆಯ ಓಣಿಗಳು ಮುಳುಗಿದ ಮೇಲೆ ಮೀನೇನೋ ಹೆಚ್ಚಿದವು. ಆದರೆ ವಾರಕ್ಕೊಮ್ಮೆ ನಿಮ್ಮ ಬಲೆ ಯಾರದೋ ಮನೆಯ ಗೋಡೆಗೆ ಸಿಕ್ಕಿ ಹರಿಯುತ್ತಿತ್ತು. ಗೋವಾದ ದೋಣಿಯವನೊಬ್ಬನಿಂದ ಮೀನು ತೋರಿಸುವ ಹಳೆಯ ಯಂತ್ರವೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿರಿ. ದೋಣಿಯ ಮೇಲೆ ಪುಟ್ಟ ಪರದೆ, ಹೊರಗೆ ತಳದಲ್ಲಿ ಸೋಪಿನಷ್ಟು ದಪ್ಪದ ಬಿಲ್ಲೆ, ನಡುವೆ ವೈರು. ಬಿಲ್ಲೆ ನೀರಿನೊಳಗೆ ಸದ್ದು ಕಳಿಸುತ್ತದೆ, ನೆಲಕ್ಕೋ ಮೀನಿಗೋ ಬಡಿದು ತಿರುಗಿ ಬಂದ ಸದ್ದು ಕೇಳಿ ಪರದೆಯ ಮೇಲೆ ಗೆರೆ ಮೂಡುತ್ತದೆ ಎಂದು ನನಗೆ ಮೂರು ಸಲ ಬಿಡಿಸಿ ಹೇಳಿದಿರಿ. ಊರವರು ಅದಕ್ಕೆ ದೋಣಿ ಟೀವಿ ಎಂದು ಹೆಸರಿಟ್ಟು ನಕ್ಕರು.

ಮೊದಲ ಸಲ ಅದು ಕೆಟ್ಟಾಗ ಹುನಗುಂದದಲ್ಲಿ ರೇಡಿಯೋ ರಿಪೇರಿ ಮಾಡುವ ಬಸಲಿಂಗಣ್ಣನನ್ನು ಕರೆತಂದಿರಿ. ಸಾಲಿಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಕಲಿತವರು ನೀವಿಬ್ಬರು. ಬ್ಯಾಟರಿಯ ತುದಿಗೆ ಹಿಟ್ಟಿನಂಥದ್ದು ಕಟ್ಟಿದೆ, ಉಪ್ಪುಕಾಗದದಿಂದ ತಿಕ್ಕು ಎಂದ. ತಿಕ್ಕಿದಿರಿ, ಹತ್ತಿಕೊಂಡಿತು. ಇನ್ನೊಮ್ಮೆ ಮೋಟರು ಶುರುವಾದೊಡನೆ ಪರದೆಯ ತುಂಬ ಚುಕ್ಕೆಗಳು. ಮೋಟರಿನ ವೈರಿನಿಂದ ಇದರ ವೈರನ್ನು ದೂರ ಕಟ್ಟಿಸಿದ. ಜೋರಾಗಿ ಹೊರಟರೆ ಗೆರೆ ಮಾಯವಾಗುತ್ತದೆ ಎಂದಿರಿ. ಬಿಲ್ಲೆಯ ಕೆಳಗೆ ಗುಳ್ಳೆ ಏಳುತ್ತವೆ, ನಿಧಾನ ಹೋಗು ಎಂದ. ಎಲ್ಲವನ್ನೂ ದಂಡೆಯ ಮೇಲೆ ನಿಂತೇ ಹೇಳಿದ. ದೋಣಿ ಹತ್ತು ಬಾ ಎಂದು ನೀವು ಕರೆದಾಗಲೆಲ್ಲ ಅವನಿಗೆ ಬಸ್ಸಿನ ಹೊತ್ತಾಗಿರುತ್ತಿತ್ತು.

ಹೋದ ಬೇಸಿಗೆಯಲ್ಲಿ ನೀವು ಚೊಳಚಗುಡ್ಡದ ಅಕ್ಕನ ಮನೆಗೆ ಹೋಗಿದ್ದಿರಿ. ದೋಣಿ ದಂಡೆಯ ಮೇಲೆ ಬೋರಲಾಗಿತ್ತು. ನೀವು ಬರುವಷ್ಟರಲ್ಲಿ ಮುಗಿಸಿ ಬೆರಗಾಗಿಸೋಣವೆಂದು ನಾನೇ ಡಾಂಬರು ಕಾಯಿಸಿ ಬಳಿದೆ. ಮದುವೆಗೆ ಮುಂಚೆ ಇಳಕಲ್ಲಿನ ನೇಕಾರರ ಮನೆಯಲ್ಲಿ ನೂಲಿಗೆ ಗಂಜಿ ಹಚ್ಚುವ ಕೂಲಿಗೆ ಹೋಗುತ್ತಿದ್ದವಳಲ್ಲವೇ? ಗಂಜಿ ತಾಗದ ಎಳೆ ಮಗ್ಗದ ಮೇಲೆ ಹರಿಯುತ್ತದೆ ಎಂದು ಬೈಸಿಕೊಂಡು ಪಳಗಿದ ಕೈ. ಬಿಲ್ಲೆಯೂ ದೋಣಿಯದೇ ತಾನೇ, ಸಂದಿನಿಂದ ನೀರು ಸೇರೀತು ಎಂದು ಅದಕ್ಕೆ ಮಾತ್ರ ಎರಡು ಸಲ ಬಳಿದೆ. ನೀವು ಬಂದು ದೋಣಿಯ ಸುತ್ತ ಒಂದು ಸುತ್ತು ಹಾಕಿ, “ಕೂದಲೆಳಿಯಷ್ಟೂ ಜಾಗಾ ಬಿಟ್ಟಿಲ್ಲಲ್ಲ ನೀ” ಎಂದಿರಿ. ನಿಮ್ಮ ಬಾಯಲ್ಲಿ ಹೊಗಳಿಕೆ ಬರುವುದೇ ಅಪರೂಪ. ವಾರಗಟ್ಟಲೆ ಆ ಮಾತಿನಲ್ಲೇ ಓಡಾಡಿಕೊಂಡಿದ್ದೆ.

ದೋಣಿ ನೀರಿಗಿಳಿದ ದಿನದಿಂದ ಯಂತ್ರ ಕುರುಡಾಯಿತು. ಪರದೆಗೆ ಬೆಳಕಿದೆ, ನೆಲದ ಗೆರೆ ಇಲ್ಲ. ಬ್ಯಾಟರಿ ಬದಲಿಸಿದಿರಿ, ವೈರು ಬದಲಿಸಿದಿರಿ, ಗುಂಡಿ ತಿರುವಿ ತಿರುವಿ ಪರದೆಯ ಮೇಲೆ ಇರುವೆ ಮುತ್ತಿದ ಹಾಗೆ ಮಾಡಿದಿರಿ. ಬಸಲಿಂಗಣ್ಣ ಡಬ್ಬಿಯನ್ನು ಅಂಗಡಿಗೆ ಒಯ್ದು ಎರಡು ದಿನ ಇಟ್ಟುಕೊಂಡು ವಾಪಸು ತಂದ. ಡಬ್ಬಿಗೆ ಏನೂ ಆಗಿಲ್ಲ, ದೋಣಿ ದಂಡೆಗೆ ಎಳೆದು ಕೆಳಗೆ ನೋಡು ಎಂದ. ಮೀನು ಬೀಳುವ ದಿನಗಳು, ನೀವೆಲ್ಲಿ ಕೇಳುತ್ತೀರಿ? ಚಹಾದ ಅಂಗಡಿಯ ಮುಂದೆ, ನಾಲ್ಕು ಜನರ ಎದುರು, “ಒಳಗಿನ ಸಾಮಾನು ತಗದು ಇಟಗೊಂಡೀಯಲೇ, ಕಳ್ಳಾ” ಎಂದುಬಿಟ್ಟಿರಿ. ಅವನು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಬಸ್ಸಿನ ಕಡೆ ನಡೆದ. ನಾನು ಅಲ್ಲೇ ನಿಂತಿದ್ದೆ. ನನ್ನ ಉಗುರಿನ ಸಂದಿಯ ಡಾಂಬರು ಇನ್ನೂ ಹೋಗಿರಲಿಲ್ಲ. ಆದರೂ ನನಗೆ ಹೊಳೆಯಲಿಲ್ಲ ರೀ, ಆಣೆ ಮಾಡಿ ಹೇಳುತ್ತೇನೆ.

ನಿಮ್ಮನ್ನು ಮಣ್ಣು ಮಾಡಿದ ದಿನ ಅವನು ಬಂದಿದ್ದ. ಜನರ ಹಿಂದೆ ನಿಂತಿದ್ದು, ಎಲ್ಲರೂ ಹಾಕಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ನೀರೂ ಕುಡಿಯದೆ ಹೋದ. ಎದೆನೋವು ನಿಮ್ಮನ್ನು ಇನ್ನೊಂದು ದಿನವಾದರೂ ಉಳಿಸಿದ್ದರೆ ಅವನನ್ನು ಕರೆಸುತ್ತಿದ್ದಿರೋ ಏನೋ... ಶೋಭಾ ಗಂಡನ ಮನೆಗೆ ಮರೋಳಕ್ಕೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆ ಡಬ್ಬಿಗೆ ನೀವು ಬೈಯುತ್ತಿದ್ದ ಬೈಗುಳವೂ ಬೇಕೆನಿಸುತ್ತದೆ. ಮಧ್ಯಾಹ್ನ ಹೋಗಿ ಕಟ್ಟಿದ ದೋಣಿಯಲ್ಲಿ ಸುಮ್ಮನೆ ಕುಳಿತು ಬರುತ್ತೇನೆ. ಮಾತಾಡಿಸುವವರು ಯಾರೂ ಇಲ್ಲ.

ಈ ಬೇಸಿಗೆಯಲ್ಲಿ ದೋಣಿ ಮಾರೋಣ ಎಂದಳು ಶೋಭಾ. ಕೊಳ್ಳುವವರಿಗೆ ತೋರಿಸಲೆಂದು ದಂಡೆಗೆ ಎಳೆಸಿ ಹಳೆಯ ಡಾಂಬರು ಕೆರೆಯತೊಡಗಿದೆ. ಬಿಲ್ಲೆಯ ಹತ್ತಿರ ಅದು ರೊಟ್ಟಿಯ ದಪ್ಪಕ್ಕೆ ಕೂತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದಾಗ ಒಳಗಿನಿಂದ ಬಿಲ್ಲೆಯ ಬಿಳಿ ಮೈ ಕಾಣಿಸಿತು. ಮೂರು ಸಲ ಹೇಳಿದ್ದಿರಲ್ಲ, ಸದ್ದು ಅಲ್ಲಿಂದಲೇ ಹೋಗುತ್ತದೆ ಎಂದು. ಅದರ ಬಾಯಿ ಮುಚ್ಚಿದವಳು ನಾನು. ನಿಮ್ಮ ಗೆಳೆತನ ಮುರಿದವಳೂ ನಾನೇ. ಅಲ್ಲಿಯೇ ಕುಳಿತು ಅತ್ತೆ.

ಮರುದಿನ ಹುನಗುಂದದ ಬಸ್ಸು ಹತ್ತಿದೆ. ಬಸಲಿಂಗಣ್ಣ ಎಲ್ಲ ಕೇಳಿಸಿಕೊಂಡು ಕೈಯಲ್ಲಿದ್ದ ರೇಡಿಯೋವನ್ನು ಕೆಳಗಿಟ್ಟ. ಬೈದರೆ ಬೈಸಿಕೊಳ್ಳಲೆಂದೇ ಹೋಗಿದ್ದೆ. ಆಮೇಲೆ ಮೆಲ್ಲಗೆ, “ನನ್ನದೂ ತಪ್ಪೈತ್ರಿ ವೈನಿ. ನೀರಿಗೆ ಇಳದು ಕೆಳಗ ಕೈ ಆಡಿಸಿದ್ರ ಅವತ್ತೇ ಗೊತ್ತಾಗ್ತಿತ್ತು. ನೀರಂದ್ರ ನನಗ ಭಾಳ ಅಂಜಿಕಿ. ಅವನ ಮುಂದ ಹೇಳಾಕ ನಾಚಿಕಿ ಬಂತು” ಎಂದ. ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದುದೆಲ್ಲ ಇದಕ್ಕೇ. ನಿಮಗೆ ಗೊತ್ತಿತ್ತೇ?

ನಿನ್ನೆ ಅವನು ತಾನಾಗಿಯೇ ಬಂದ. ಬ್ಯಾಟರಿ ಜೋಡಿಸಿದ, ವೈರು ನೋಡಿದ, ಚಪ್ಪಲಿ ಬಿಟ್ಟ. ದೋಣಿ ನೀರಿಗಿಳಿಸಿ ನಾನು ಹುಟ್ಟು ಹಾಕಿದೆ. ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ ಕುಳಿತ. ನಡುನೀರಿಗೆ ಬಂದಾಗ ಪರದೆಯ ಮೇಲೆ ನೆಲದ ಗೆರೆ ಮೂಡಿತು. ಮುಂದೆ ಒಂದು ಕಡೆ ಗೋಡೆಯೂ ಕಂಡಿತು, ಬಳಸಿ ಹೋದೆ. ಕಣ್ಣು ತೆರೆಯಣ್ಣ ಎಂದೆ. ತೆರೆದು ನೋಡಿದ. ಅವರಿಗೆ ಕಾಗದ ಬರೆಯುತ್ತೇನೆ, ನೀನು ಕಳ್ಳನಲ್ಲ ಎಂದು ಬರೆಯುತ್ತೇನೆ ಎಂದು ಅವನಿಗೆ ಹೇಳಿದೆ.

ದೋಣಿ ಮಾರುವುದಿಲ್ಲ ರೀ. ಇನ್ನು ಮೇಲೆ ಡಾಂಬರು ಹಚ್ಚುವಾಗ ಬಿಲ್ಲೆಯಿರುವಲ್ಲಿ ಅಂಗೈಯಗಲ ಜಾಗ ಬಿಟ್ಟೇ ಹಚ್ಚುತ್ತೇನೆ. ಬಸಲಿಂಗಣ್ಣ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ: “ಕಳ್ಳ ಅಲ್ಲ ಅಂತ ಬರೀಬ್ಯಾಡ್ರಿ ವೈನಿ. ನಾ ದೋಣಿ ಹತ್ತೀನಿ ಅಂತ ಬರೀರಿ.”

ಹತ್ತಿದ್ದಾನೆ ರೀ. ನಿಮ್ಮ ಜಾಗದಲ್ಲೇ ಕುಳಿತಿದ್ದ.