ಅತ್ತೆ ಕಳಿಸಿದ ರಜಾಯಿ

೮ ನವೆಂಬರ್ ೧೯೦೯, ಸೋಮವಾರ. ಮದ್ದಗಿರಿ, ಊರಾಚೆಯ ಶೆಡ್ಡು

ಇವತ್ತೂ ಅದೇ. ಪ್ಲೇಗಿಗೆ ಹೆದರಿ ಊರು ಬಿಟ್ಟವರ ಖಾಲಿ ಮನೆಗಳ ಬೀಗ ತೆಗೆಸುವುದು, ಹಾಸಿಗೆ ಹೊದಿಕೆ ಹೊರಗೆಳೆಸುವುದು, ಪಟ್ಟಿ ಬರೆಯುವುದು. ಪ್ಲೇಗು ಗುಮಾಸ್ತೆ ಅಂದರೆ ಊರವರ ಹರಕು ಕೌದಿ ಎಣಿಸುವವನು. ಗವಸು ಬಟ್ಟೆಯೆಲ್ಲ ಹಂಡೆಯಲ್ಲಿ ಕುದಿಸಬೇಕು. ಹತ್ತಿಯದನ್ನು ಮೂರು ದಿನ ಕಾದ ಬಂಡೆ ಮೇಲೆ ಹರಡಬೇಕು, ಮಧ್ಯಾಹ್ನ ಮಗುಚಬೇಕು. ಸಾವಾದ ಮನೆಯದಾದರೆ ಮಾತೇ ಇಲ್ಲ — ಬೆಂಕಿ.

ನರಸಮ್ಮ ಅಂತ ಒಬ್ಬ ಮುದುಕಿ. ಗಂಡ ಹೋಗಿ ಎರಡು ದಿನ. ಅವನ ರಜಾಯಿ ಬಿಡಲೊಲ್ಲಳು. "ಅವ್ರ ಮೈ ವಾಸ್ನೆ ಐತೆ ಕಣಪ್ಪಾ, ನನ್ನೂ ಇದ್ರಾಗೇ ಸುತ್ತಿ ಸುಟ್ಬುಡು" ಅಂದಳು. ಬೆರಳು ಒಂದೊಂದೇ ಬಿಡಿಸಿ ಕಿತ್ತುಕೊಂಡೆ. ಹೌದು, ನಾನೇ. ಗ್ಯಾಂಗಿನ ಆಳು ಚಿಕ್ಕರಂಗಯ್ಯ, ಹೆಣ ಹೊತ್ತು ಹೊತ್ತು ಕಲ್ಲಾದವನು, ಅವನೇ ಮುಖ ತಿರುಗಿಸಿದ. ರೂಲು ರೂಲೇ ಅಂದೆ.

ನನ್ನ ಹೆಂಡತಿ ಚನ್ನಮಲ್ಲಿಗೆ ಒಂಬತ್ತು ತಿಂಗಳು ತುಂಬುತ್ತ ಬಂತು. ತವರಿಗೆ ಕಳಿಸೋಣ ಅಂದರೆ ಕೊರಟಗೆರೆಯಲ್ಲೂ ಇಲಿ ಸತ್ತು ಬಿದ್ದು ಪ್ಲೇಗು ಶುರುವಾಗಿದೆ. ಹಿಂದಿನ ಎರಡು ಕೂಸೂ ಉಳಿಯಲಿಲ್ಲ. ಎರಡನೆಯದು ಹದಿನೆಂಟು ದಿನ ಇದ್ದು, ಅವಳಿಗೆ ಹಾಲು ಬತ್ತಿ, ನನ್ನ ಕೈಯಲ್ಲೇ ಹೋಯಿತು. ಈ ಸಲ ಗರಿ ಹೊದಿಸಿದ ಶೆಡ್ಡಿನಲ್ಲಿ ಹೆರಿಗೆ. ನಾಲ್ಕು ಕಡೆಯಿಂದಲೂ ಗಾಳಿ. ಸಿರಾದ ಕಂಬಳಿ ಇದೆ, ಚುಚ್ಚುತ್ತದಂತೆ. "ಬಾಣಂತಿಗೆ ತವರಿನ ಹೊದಿಕೆನೇ ಆಗ್ಬೇಕು. ನಮ್ಮಮ್ಮ ರಜಾಯಿ ಕಳಿಸ್ತಾಳೆ, ನೋಡ್ತಿರಿ" — ದಿನಕ್ಕೆ ಹತ್ತು ಸಲ.

೧೦ ನವೆಂಬರ್, ಬುಧವಾರ. ಮಧ್ಯಾಹ್ನ

ಬಂತು. ಕೊರಟಗೆರೆ ಗಾಡಿ ಚೌಕಿಯಲ್ಲಿ ನಿಂತಿತು. ತಪಾಸಣೆಗೆ ಇದ್ದವನು ನಾನೇ. ಗೋಣಿ ಸುತ್ತಿದ ಗಂಟು, ಮೇಲೆ ನನ್ನ ಹೆಸರು, ಒಳಗೆ ಮಾವ ಮರುಳಸಿದ್ದಯ್ಯನವರ ಕಾಗದ.

'ನಿಮ್ಮ ಅತ್ತೆ ಭಾನುವಾರ ಲಿಂಗೈಕ್ಯರಾದರು. ಗಡ್ಡೆ ಕಂಡು ಎರಡೇ ದಿನ. ಜ್ವರದಲ್ಲೇ ಕೂತು ರಜಾಯಿ ಮುಗಿಸಿದರು, ಬೇಡವೆಂದರೆ ಕೇಳಲಿಲ್ಲ. ಮಗಳಿಗೆ ತಿಳಿಸುವುದು ಬಿಡುವುದು ನಿಮಗೆ ಸೇರಿದ್ದು. ನಾನು ಬರುವ ಹಾಗಿಲ್ಲ, ಊರಾಚೆ ಮಂಟಪದಲ್ಲಿದ್ದೇನೆ.'

ಜ್ವರದಲ್ಲೇ ಕೂತು! ಗಂಟು ಕೈಯಿಂದ ಜಾರಿತು. ಚಿಕ್ಕರಂಗಯ್ಯ ಬಂದು ಕೋಲಿನಿಂದ ತಟ್ಟಿದ.

"ಎಲ್ಲೀದು ಸ್ವಾಮಿ? ಸುಡಾದಾ, ಒಣಗ್ಸಾದಾ?"

"ಒಣಗಿಸೋದು" ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ನರಸಮ್ಮನ ಎದುರು ಸತ್ಯ ಹರಿಶ್ಚಂದ್ರ, ನನ್ನ ಗಂಟಿಗೆ ಬಂದಾಗ ಕಳ್ಳ.

ಗವಸು ಕೆಂಪು. ಅಂಚಿಗೆಲ್ಲ ಅತ್ತೆಯ ಸಣ್ಣ ಹೊಲಿಗೆ, ಇರುವೆ ಸಾಲಿನ ಹಾಗೆ. ಕೊನೆಯ ಮೊಳದಲ್ಲಿ ಸಾಲು ಸೊಟ್ಟಾಗಿದೆ. ಜ್ವರ ಏರಿತ್ತೇನೋ... ಆ ಜಾಗ ನೋಡಬಾರದಿತ್ತು.

ಅದೇ ದಿನ, ಸಂಜೆ

ಸೂಲಗಿತ್ತಿ ಓಬಳಮ್ಮನನ್ನು ಬೇಲಿ ಹತ್ತಿರ ಕರೆದು ಹೇಳಿದೆ. ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನಮ್ಮಪ್ಪಾ! ಯೋಳ್ಬ್ಯಾಡಿ. ಈಗ ಯೋಳಿದ್ರೆ ಎದೆ ಒಡ್ಕತಾಳೆ, ಎದೆ ಹಾಲು ಬತ್ತೋಯ್ತದೆ. ಆಗ್ಲೇ ಒಂದು ಅಂಗೇ ಕಳ್ಕಂಡವ್ಳೆ. ಕೂಸ್ನ ತೊಟ್ಲಿಗೆ ಹಾಕೋಗಂಟ ತುಟಿ ಪಿಟಕ್ ಅನ್ಬ್ಯಾಡಿ."

ಸರಿ. ತೊಟ್ಟಿಲವರೆಗೆ. ಶಿವನೇ, ನನಗೆ ಅಷ್ಟು ದಿನ ಸುಳ್ಳು ಹೇಳುವ ಬುದ್ಧಿ ಕೊಡು.

೧೧ ನವೆಂಬರ್

ರಜಾಯಿ ಬೆಟ್ಟದ ಹಿಂದಿನ ಬಂಡೆ ಮೇಲೆ. ಮೋಡ.

೧೨ ನವೆಂಬರ್

ಮೋಡ. ಮೂರು ಸಲ ಹೋಗಿ ಮುಟ್ಟಿ ನೋಡಿದೆ. ಬಂಡೆ ತಣ್ಣಗೆ. ವರ್ಷವಿಡೀ ಸುಡುವ ಈ ಹಾಳು ಸೂರ್ಯ ಎಲ್ಲಿ ಸತ್ತ?

ಅವಳು: "ಅಮ್ಮನ ಗಾಡಿ ಬಂತೇನ್ರೀ?" "ದಾರಿ ಕಟ್ಟಿದಾರೆ, ತಡ ಆಗುತ್ತೆ." ರಾತ್ರಿಯೆಲ್ಲ ನಡುಗಿದಳಂತೆ. ಕಂಬಳಿ ಕಾಲಿನಿಂದ ಒದ್ದಿದ್ದಾಳೆ. ನಾನು ರೇಗಿದೆ. ಅತ್ತಳು. ಥೂ ನನ್ನ ಬಾಯಿಗೆ.

೧೩ ನವೆಂಬರ್, ಶನಿವಾರ

ಜಡಿಮಳೆ ಹಿಡಿದಿದೆ. ಓಡಿಹೋಗಿ ಸುತ್ತಿಟ್ಟೆ. ಒದ್ದೆ ಹತ್ತಿ ಮುದ್ದೆಯಾದರೆ ಮತ್ತೆ ಬಿಡಿಸುವ ಹಾಗಿಲ್ಲ, ಹೆಣಭಾರ. ಈ ಮೋಡದಲ್ಲಿ ಮೂರು ದಿನದ ಬಿಸಿಲು ಎಲ್ಲಿಂದ ತರಲಿ? ಮೂರು ದಿನ ಕಾಯಿಸಿದರೆ ತಾನೇ ಏನು... ಜ್ವರದಲ್ಲಿ ಹೊಲಿದದ್ದು. ಹೊದಿಸಲೇ? ಸುಡಲೇ? ಯಾರನ್ನು ಕೇಳಲಿ? ಊರಿಗೆಲ್ಲ ಹೇಳುವವನು ನಾನೇ.

೧೪ ನವೆಂಬರ್, ಭಾನುವಾರ

ಮುಗಿಸಿದೆ.

ಬೆಳಗ್ಗೆ ಗವಸಿನ ಲಾಡಿ ಬಿಚ್ಚಿ ಒಳಗಿನದನ್ನು ಎಳೆದೆ. ಗವಸು ಕುದಿಯುವ ಹಂಡೆಗೆ. ಕೆಂಪು ಬಿಟ್ಟಿತು, ನೀರೆಲ್ಲ ರಕ್ತ. ಒಳಗಿನದು ಬೆಂಕಿಗೆ. ಹತ್ತಿ ಉರಿಯುವುದಿಲ್ಲ, ಕನಲುತ್ತದೆ. ಕೋಲಿನಿಂದ ಕೆದಕುತ್ತಾ ನಿಂತೆ. ಚಿಕ್ಕರಂಗಯ್ಯ ಪಕ್ಕಕ್ಕೆ ಬಂದು ನಿಂತ. ಸಾವಾದ ಮನೆಯದು ಅಂತ ಗೊತ್ತಾಗಿದೆ ಅವನಿಗೆ. "ನೀವು ಓಗಿ ಸ್ವಾಮಿ, ನಾನ್ ನೋಡ್ಕತೀನಿ" ಅಂದ. ಹೋಗಲಿಲ್ಲ. ಅತ್ತೆಯ ಮಣ್ಣಿಗೆ ಹೋಗಲಾಗಲಿಲ್ಲ, ಇದಕ್ಕಾದರೂ ನಿಲ್ಲುತ್ತೇನೆ ಅಂತ ನಿಂತೆ. ನಿಂತು ಅತ್ತುಬಿಟ್ಟೆ.

ಈಗ ಗವಸು ಹಗ್ಗದ ಮೇಲೆ ಒಣಗುತ್ತಿದೆ, ತೊಟ್ಟಿಕ್ಕುತ್ತಾ. ಇದರೊಳಗೆ ಬೇರೆ ರಜಾಯಿ ತುಂಬಿದರೆ? ಅವಳಿಗೆ ಕಾಣುವುದು ಗವಸು ತಾನೇ.

೧೫ ನವೆಂಬರ್. ದೊಡ್ಡೇರಿ

ಅರ್ಧ ದಿನ ಲೀವ್. ಸಿರಾದ ಪಿಂಜಾರ ಬುಡನ್ ಸಾಬಿ ಇಲ್ಲಿ ಬಿಡಾರ ಹಾಕಿದ್ದಾನೆ ಅಂತ ಕೇಳಿ ನಡೆದುಬಂದೆ. ಇಲ್ಲಿ ಇಲಿ ಬಿದ್ದಿಲ್ಲ. ಮೂರು ರಜಾಯಿ ತೋರಿಸಿದ. ಮೊದಲನೆಯದು ಗಾಳಿಯಷ್ಟು ಹಗುರ, ಅದೇ ಸಾಕು ಅಂದೆ.

"ಅರೆ ಸ್ವಾಮಿ, ಅದು ಬೂರುಗದ ಹತ್ತಿ. ದಿಂಬಿಗೆ ಅಚ್ಛಾ. ರಜಾಯಿಗೆ ಬೇಡ, ಎಲ್ಲಾ ಒಂದು ಮೂಲೆಗೆ ಓಡ್ತದೆ. ಯಾರಿಗೆ?"

"ಬಾಣಂತಿಗೆ."

"ಹಂಗಾದ್ರೆ ಇದು ನೋಡಿ. ಎರಡು ಸಲ ಪಿಂಜಿದ್ದೀನಿ. ಭಾರ ಇಲ್ಲ, ಬಿಸಿ ಜಾಸ್ತಿ. ನೀರು ಮಾತ್ರ ತೋರಿಸ್ಬೇಡಿ, ಬಿಸಿಲು ತೋರಿಸಿ. ಕೊಳೆ ಆದ್ರೆ ಗವಸು ಒಗೀರಿ, ಹತ್ತಿ ಅಲ್ಲ."

ಗವಸು ತೆಗೆದು ಅಳೆಸಿದೆ. ಅವನು ಅಂಚು ಹಿಡಿದು ನೋಡಿದ. "ವ್ಹಾ, ಯಾರ ಕೈ ಇದು?" ಅಳತೆ ನೋಡು ಅಂದೆ. ರಜಾಯಿ ಒಂದು ಗೇಣು ದೊಡ್ಡದು. ಕತ್ತರಿಸಿ ಹೊಲಿದುಕೊಟ್ಟ. ನಾಲ್ಕು ಮೂಲೆಗೂ ಒಳಗಿನಿಂದ ಟಾಕಾ ಹೊಲಿಗೆ ಹಾಕಿದ, ಜಾರದ ಹಾಗೆ. ಎದೆಗವಚಿಕೊಂಡು ನಡೆದೆ. ಬೆಚ್ಚಗಿತ್ತು.

೧೬ ನವೆಂಬರ್, ಮಂಗಳವಾರ

ಅವಳ ಮುಖ! ಎಂಟು ವರ್ಷದಲ್ಲಿ ನಾನು ಕೊಟ್ಟ ಯಾವುದಕ್ಕೂ ಹಾಗೆ ಅರಳಿರಲಿಲ್ಲ. ಮೂಗಿನವರೆಗೂ ಎಳೆದುಕೊಂಡಳು.

"ಬಣ್ಣ ಬಿಟ್ಟಿದೆ. ಅಮ್ಮನ ವಾಸ್ನೆನೇ ಇಲ್ಲ."

"ಕುದಿಸಿದೆ ಕಣೇ. ನಾನೇ ರೂಲು ಮುರಿದರೆ ಊರವರು ಉಗೀತಾರೆ."

ಅಂಚಿನ ಹೊಲಿಗೆ ಮೇಲೆ ಬೆರಳು ಓಡಿಸುತ್ತಾ ಹೋದಳು. ಸೊಟ್ಟ ಸಾಲಿನ ಹತ್ತಿರ ನಿಂತಳು. "ಇಲ್ಲಿ ಯಾಕಿಂಗೆ ಹೊಲಿದಿದಾಳೆ? ಕಣ್ಣು ಮಂಜಾಗಿದೆ ಅಂತ ಕಾಣುತ್ತೆ. ಕನ್ನಡಕ ಹಾಕ್ಸಿ ಅಂತ ಅಪ್ಪನಿಗೆ ಬರೀರಿ." ಬರೀತೀನಿ ಅಂದೆ. ಹೊರಗೆ ಹೋಗಿ ಕೆಮ್ಮಿದೆ, ಸುಮ್ಮನೆ.

ಎಷ್ಟೋ ತಿಂಗಳ ಮೇಲೆ ಇವತ್ತು ಮಧ್ಯಾಹ್ನ ನಿದ್ದೆ ಮಾಡಿದಳು, ಕಾಲು ಚಾಚಿ.

೧೮ ನವೆಂಬರ್, ಗುರುವಾರ. ಬೆಳಗಿನ ಏಳು ಗಂಟೆ

ಹೆಣ್ಣು. ಕೂಗಿತು. ಓಬಳಮ್ಮ ಹೊರಬಂದು, "ಗಟ್ಟಿ ಕೂಸು ಕಣಪ್ಪಾ, ಹಾಲೂ ಬಂದೈತೆ" ಅಂದಳು. ಮಣ್ಣಲ್ಲೇ ಕೂತುಬಿಟ್ಟೆ.

೨೨ ನವೆಂಬರ್

ಕಾಗದ ಬರೆಸಿದಳು. ಅವಳು ಹೇಳುವುದು, ನಾನು ಬರೆಯುವುದು. 'ಅಮ್ಮಾ, ಮೊಮ್ಮಗಳಿಗೆ ನಿನ್ನದೇ ಮೂಗು. ರಜಾಯಿ ಬೆಚ್ಚಗಿದೆ. ಪ್ಲೇಗು ತೀರಿದ ತಕ್ಷಣ ಬಾ.' ಪೋಸ್ಟಿಗೆ ಹಾಕಿದೆ ಅಂದೆ. ಅಂಗಿ ಜೇಬಲ್ಲೇ ಇದೆ.

೨೬ ನವೆಂಬರ್

ಉತ್ತರ ಎಲ್ಲಿ ಎಲ್ಲಿ ಅಂತ ಪ್ರಾಣ ತಿಂದಳು. ಊಟ ಬಿಡುತ್ತೀನಿ ಅಂದಳು. ಕಚೇರಿಯಲ್ಲಿ ಕೂತು ಮಾವನ ಅಕ್ಷರದಲ್ಲಿ ಬರೆದೆ: 'ನಿಮ್ಮಮ್ಮ ಆರೋಗ್ಯ. ಹಾಲು ಚೆನ್ನಾಗಿ ಕುಡಿಸು ಅಂತಾಳೆ.' ಬರೆದ ಕೈ ಕತ್ತರಿಸಿ ಎಸೆಯಬೇಕು ಅನ್ನಿಸಿತು. ಓದಿ ಹೇಳಿದೆ. ಎರಡು ತುತ್ತು ಜಾಸ್ತಿ ಉಂಡಳು.

ಕೂಸು ತುಂಬಿಕೊಳ್ಳುತ್ತಿದೆ. ಕೆನ್ನೆ ಮುಟ್ಟಿದರೆ ಬೆಣ್ಣೆ. ಇನ್ನು ನಾಲ್ಕು ದಿನ. ಮಂಗಳವಾರ ತೊಟ್ಟಿಲು. ತೊಟ್ಟಿಲವರೆಗೆ ಅಂದಿದ್ದಳು ಓಬಳಮ್ಮ, ಆದರೆ ಈಗ ನನಗೇ ಆಸೆ, ಇನ್ನೂ ಒಂದು ತಿಂಗಳು ಎಳೆಯೋಣ, ಮೂರು ತಿಂಗಳು...

೩೦ ನವೆಂಬರ್, ಮಂಗಳವಾರ

ಬರೀತೀನಿ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತೆ.

ತೊಟ್ಟಿಲು ಕಟ್ಟಾಯಿತು. ವಿಭೂತಿ ಹಚ್ಚಾಯಿತು. ಅಷ್ಟರಲ್ಲಿ ಚನ್ನಮಲ್ಲಿ ರಜಾಯಿ ಮಡಿಲಿಗೆಳೆದುಕೊಂಡು ಲಾಡಿ ಬಿಚ್ಚತೊಡಗಿದಳು.

"ಏನೇ ಅದು? ಚಳಿ, ಹೊದ್ಕೋ."

"ನಿಮಗೇನು ಗೊತ್ತು, ಇದು ಹೆಂಗಸ್ರ ವಿಷಯ" — ನಗುತ್ತಾ ಹೇಳಿದಳು. ಅವರ ಮನೆಯ ಪದ್ಧತಿಯಂತೆ. ಬಾಣಂತಿ ರಜಾಯಿ ಹೊಲಿಯುವಾಗ ತಾಯಿಯಾದವಳು ತನ್ನ ಧಾರೆ ಸೀರೆಯ ಸೆರಗು ಹರಿದು ತಲೆ ಕಡೆಯ ಹತ್ತಿಯೊಳಗೆ ಇಡುತ್ತಾಳಂತೆ. ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಅದನ್ನೇ ಹಾಸಬೇಕಂತೆ.

ಧಾರೆ ಸೀರೆ. ನಾನು ಕೋಲಿನಿಂದ ಕೆದಕಿದ ಬೆಂಕಿಯಲ್ಲಿ.

"ಇವತ್ತು ಬೇಡ" ಅಂದೆ. ಕೈ ಹಿಡಿದೆ. ಬಿಡಿಸಿಕೊಂಡಳು. ತಲೆ ಕಡೆ ಹೊಲಿಗೆ ಹಲ್ಲಿಂದ ಕಚ್ಚಿ ಬಿಚ್ಚಿ, ಮೊಣಕೈವರೆಗೂ ಒಳಗೆ ಹಾಕಿದಳು. ಹುಡುಕಿದಳು. ಆ ಕಡೆ ಮೂಲೆ, ಈ ಕಡೆ ಮೂಲೆ. ಹತ್ತಿ ಹಿಡಿಹಿಡಿಯಾಗಿ ಹೊರಗೆ ಬಂತು, ಬೆಳ್ಳಗೆ.

"ಅತ್ತೆ ಮರೆತಿರಬೇಕು..."

"ಅಮ್ಮ ಮರೆಯೋಳಲ್ಲ." ಹತ್ತಿ ಬೆರಳಲ್ಲಿ ಉಜ್ಜಿದಳು. "ಇದು ಹೊಸಾದು. ನನ್ನ ಮದುವೆ ಹಾಸಿಗೆ ಹತ್ತಿನೇ ಪಿಂಜಿಸಿ ಹಾಕ್ತೀನಿ ಅಂದಿದ್ಲು. ಅಮ್ಮಂದು ಏನಾಯ್ತು?"

"ಒದ್ದೆ ಆಗಿತ್ತು. ಮಳೆ. ಅದಕ್ಕೆ..."

"ಒದ್ದೆ ಆದ್ರೆ ಒಣಗಿಸ್ತಾರೆ. ಸುಟ್ರಾ?"

ಹೊರಗೆ ಬಿದ್ದ ಹತ್ತಿ ಬಾಚಿ ಒಳಗೆ ತುಂಬಲು ಹೋದೆ.

"ಸಾವಾದ ಮನೇದು ಮಾತ್ರ ಸುಡೋದು ಅಂತ ದಿನಾ ಊಟಕ್ಕೆ ಕೂತಾಗ ನೀವೇ ಹೇಳ್ತಿದ್ರಲ್ಲ." ನನ್ನ ಕಡೆ ನೋಡಲಿಲ್ಲ, ಹತ್ತಿ ನೋಡುತ್ತಾ ಹೇಳಿದಳು. "ಯಾವಾಗ ಹೋದ್ಲು?"

ಹೇಳಿದೆ. ದಿನ, ಗಡ್ಡೆ, ಜ್ವರದಲ್ಲಿ ಹೊಲಿದದ್ದು, ಎಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದೇ ಭಯ. ಕಿರುಚಿಕೊಂಡಿದ್ದರೆ, ನನ್ನ ಕೆನ್ನೆಗೆ ಹೊಡೆದಿದ್ದರೆ ಬದುಕುತ್ತಿದ್ದೆ. ಗೋಡೆ ಕಡೆ ತಿರುಗಿ ಕೂತಳು.

ಅದು ಬೆಳಗ್ಗೆ. ಈಗ ನಾಲ್ಕು ಗಂಟೆ. ಕೂಸು ಅಳುತ್ತಲೇ ಇದೆ. ನಾನು ಶೆಡ್ಡಿನ ಹೊರಗೆ, ಒಳಗೆ ಹೋಗುವ ಮುಖ ಇಲ್ಲ. ಓಬಳಮ್ಮನ ಮಾತು ಕೇಳಿಸುತ್ತಿದೆ.

"ಎತ್ಕಳವ್ವಾ... ನಿಮ್ಮವ್ವ ಇದ್ದಿದ್ರೆ ಏನಂತಿದ್ಲು? ಇಂಗಾ ಕೂಸ್ನ ಒಣಗ್ಸಾದು? ಬಾಯಿಗಿಡು. ವಸಿ ಹಿಂಡು... ಇನ್ನೊಂದು ಕಡೆ ಇಡು..."

ಶಿವನೇ, ನನ್ನ ನೋಡಬೇಡ, ಅದರ ಬಾಯಿ ನೋಡು.

ಅಳು ನಿಂತಿತು.

ಯಾಕೆ ನಿಂತಿತು? ಓಬಳಮ್ಮನೂ ಮಾತಾಡುತ್ತಿಲ್ಲ. ಹಾಲು — ಹೌದು, ಕೂಸು ಗುಟುಕರಿಸುವ ಸದ್ದು.